ಲಾರಿ ಯಾರದು, ಲೋಡು ಯಾರದು

(ಮಾತಾಡುವವರು ಮೂವರು. ಹುಡುಗ ಇಪ್ಪತ್ತಮೂರರವನು, ಚಳ್ಳಕೆರೆ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ ಪಿಕಪ್ಪಿನಲ್ಲಿ ಈರುಳ್ಳಿ ಸಾಗಿಸುತ್ತಾನೆ. ಹಿರಿಯ ಕ್ಲೀನರ್ ಆಗಿ ಸೇರಿ, ಡ್ರೈವರಾಗಿ, ಮಾಲೀಕನಾಗಿ, ಈಗ ಮತ್ತೆ ಡ್ರೈವರ್ ಆಗಿರುವವನು. ಮೂರನೆಯಾಕೆ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ತಡವಾಗಿ ಬಂದು ಸೇರಿಕೊಳ್ಳುತ್ತಾಳೆ. ಜಾಗ, ಚಿತ್ರದುರ್ಗದ ಹೊರಗೆ ಹೆದ್ದಾರಿ ಪಕ್ಕದ ಗ್ಯಾರೇಜು. ಹಿರಿಯನ ಲಾರಿಯ ಹಿಂದಿನ ಹಬ್ ಬಿಚ್ಚಿ ಹಾಕಿದ್ದಾರೆ.)

ಹುಡುಗ: ಹೆವಿ ಲೈಸೆನ್ಸ್ ಕೈಗೆ ಬಂತು. ಶೋರೂಮಿನವರು ಹತ್ತು ಚಕ್ರದ ಲಾರಿಗೆ ಮೂವತ್ತು ಲಕ್ಷ ಸಾಲ ಮಾಡಿಸಿಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಿದ್ದಾರೆ. ಇನ್ನೊಬ್ಬರ ಗಾಡಿ ಓಡಿಸಿ ಸಂಬಳಕ್ಕೆ ಕೈ ಒಡ್ಡೋದಕ್ಕಿಂತ ನಮ್ಮದೇ ಒಂದು ಇರಲಿ ಅನ್ನಿಸಿದೆ.

ಹಿರಿಯ: ಯಾವ ಮಾಡೆಲ್ಲು?

ಹುಡುಗ: 2818.

ಹಿರಿಯ: ಗಾಡಿ, ಮಾಲು ಎರಡೂ ಸೇರಿ 28 ಟನ್ನು, 180ರ ಆಸುಪಾಸು ಹಾರ್ಸ್‌ಪವರ್ರು. ನಾನು ಕ್ಲೀನರ್ ಆಗಿದ್ದಾಗ 1210 ಓಡ್ತಿತ್ತು, ಹನ್ನೆರಡು ಟನ್ನಿಂದು. ಪಿಕಪ್ ಬಿಟ್ಟು ನೇರ ಇಪ್ಪತ್ತೆಂಟಕ್ಕೆ ಹೋಗ್ತೀನಿ ಅಂತೀಯಲ್ಲ, ಲೋಡು ತುಂಬಿದ ಹತ್ತು ಚಕ್ರ ಎಷ್ಟು ಓಡಿಸಿದ್ದೀಯ?

ಹುಡುಗ: ಡ್ರೈವಿಂಗ್ ಸ್ಕೂಲಿನ ಹಳೇ ಲಾರಿ ಓಡಿಸಿದ್ದೀನಿ. ಅದು ಖಾಲಿ.

ಹಿರಿಯ: ಸ್ಕೂಲಿನವರು ಖಾಲಿ ಗಾಡಿಯಲ್ಲಿ ಎಂಟು ಬರೆಸಿ, ರಿವರ್ಸ್ ತಗೊಳ್ಳೋದು ಕಲಿಸಿ ಕಳಿಸ್ತಾರೆ. ಕಾನೂನಿಗೆ ಅಷ್ಟು ಸಾಕು. ವಯಸ್ಸು ಇಪ್ಪತ್ತು ತುಂಬಿರಬೇಕು, ಲಘು ವಾಹನದ ಲೈಸೆನ್ಸಿಗೆ ಒಂದು ವರ್ಷ ಆಗಿರಬೇಕು. ಮೊದಲು ಎಂಟನೇ ತರಗತಿ ಓದಿರಬೇಕು ಅಂತ ಒಂದು ನಿಯಮ ಇತ್ತು, 2019ರಲ್ಲಿ ಅದನ್ನೂ ತೆಗೆದ್ರು. ಘಾಟಿ ಮಾತ್ರ ಇದು ಯಾವುದನ್ನೂ ಕೇಳಲ್ಲ.

ಹುಡುಗ: ಶಿರಾಡಿಯಲ್ಲಿ ಕಾರು ಇಳಿಸಿದ್ದೀನಿ.

ಹಿರಿಯ: ಕಾರು ಬಿಡು. ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು, ಅದನ್ನೂ ಇಳಿಜಾರು ಶುರುವಾಗೋಕೆ ಮುಂಚೆ ಹಾಕಿರಬೇಕು. ಮಧ್ಯದಲ್ಲಿ ನ್ಯೂಟ್ರಲ್‌ಗೆ ಬಂತು ಅಂದ್ರೆ ತೂಕ ತಳ್ತಿರುತ್ತೆ, ಮತ್ತೆ ಗೇರು ಕೂರಲ್ಲ. ಎಕ್ಸಾಸ್ಟ್ ಬ್ರೇಕ್ ಹಿಡಿದು ನಿಧಾನಕ್ಕೆ ಇಳೀಬೇಕು. ಕಾಲಿನ ಬ್ರೇಕನ್ನೇ ಒತ್ತಿಕೊಂಡು ಬಂದ್ರೆ ಡ್ರಮ್ಮು ಕಾದು ಲೈನರು ಹಿಡಿತ ಬಿಡುತ್ತೆ. ಆಗ ನಿನಗೆ ಗೊತ್ತೇ ಆಗಲ್ಲ. ಪೆಡಲ್ಲು ಎಂದಿನ ಹಾಗೇ ಇರುತ್ತೆ, ಗಾಳಿ ಮೀಟರಿನ ಮುಳ್ಳೂ ಸರಿಯಾಗೇ ನಿಂತಿರುತ್ತೆ, ಲಾರಿ ಮಾತ್ರ ನಿಲ್ಲಲ್ಲ. ಮೊದಲು ವಾಸನೆ ಬರುತ್ತೆ. ಆ ವಾಸನೆ ಮೂಗಿಗೆ ಬಿದ್ದ ತಕ್ಷಣ ಪಕ್ಕಕ್ಕೆ ಹಾಕಿ ಕಾಯೋ ಬುದ್ಧಿ ಬರಬೇಕಾದ್ರೆ, ಹಿಂದೆ ಯಾರದೋ ಲಾರಿಯಲ್ಲಿ, ಯಾರೋ ಅನುಭವಸ್ಥನ ಪಕ್ಕ ಕೂತು ಒಮ್ಮೆ ಆ ವಾಸನೆ ಕುಡಿದಿರಬೇಕು.

ಹುಡುಗ: ಅಂದ್ರೆ ಮೊದಲು ನೌಕರಿ ಮಾಡು ಅಂತೀರಿ.

ಹಿರಿಯ: ಓಡಿಸೋದು ಕಲಿಯೋಕೆ ಅಂತಲ್ಲ. ಓಡಿಸೋದನ್ನ ಆರು ತಿಂಗಳಲ್ಲಿ ಕಲೀತೀಯ. ಬೇರೆ ವಿಷಯ ಇದೆ. ಈ ಬೇರಿಂಗ್ ನೋಡು.

ಹುಡುಗ: ನೀಲಿಗೆ ತಿರುಗಿದೆ.

ಹಿರಿಯ: ಕಾದು ಕಾದು ಉಕ್ಕು ನೀಲಿಯಾಗಿದೆ. ಹಿರಿಯೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಬ್ಬುಗಳ ಮೇಲೆ ಒಂದೊಂದಾಗಿ ಕೈ ಇಟ್ಟೆ. ಐದು ಬೆಚ್ಚಗಿತ್ತು, ಇದೊಂದು ಮುಟ್ಟೋಕೆ ಆಗಲಿಲ್ಲ. ನಿಧಾನಕ್ಕೆ ಇಲ್ಲಿಗೆ ತಂದೆ. ಇನ್ನೂರು ಕಿಲೋಮೀಟರು ಹಾಗೇ ಹೋಗಿದ್ರೆ ಚಕ್ರ ಕಳಚಿಕೊಂಡು ಲಾರಿಗಿಂತ ಮುಂದೆ ಓಡ್ತಿತ್ತು. ಈಗ ಕೇಳು. ಈ ರಿಪೇರಿ ಖರ್ಚು ಮಾಲೀಕಂದು. ನಾನು ಫೋನ್ ಮಾಡಿದೆ, ಅವನು ಗ್ಯಾರೇಜಿನವನಿಗೆ ದುಡ್ಡು ಹಾಕಿದ, ನಾನಿಲ್ಲಿ ಕೂತು ನಿನ್ನ ಜೊತೆ ಹರಟೆ ಹೊಡೀತಿದ್ದೀನಿ. ಲಾರಿ ನನ್ನದೇ ಆಗಿದ್ರೆ ಈ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಏನು ನಡೀತಿರ್ತಿತ್ತು ಗೊತ್ತಾ? ಬೇರಿಂಗ್ ಹೋಯ್ತಲ್ಲ ಅಂತಲ್ಲ, ದಿನ ಹೋಯ್ತಲ್ಲ ಅಂತ.

ಹುಡುಗ: ಆದ್ರೂ ಮಾಲೀಕ ಮಾಲೀಕನೇ. ಒಂದೇ ಲಾರಿಯಿಂದ ಶುರು ಮಾಡಿ ಸಾವಿರಾರು ಲಾರಿ ಮಾಡಿದವರು ನಮ್ಮ ಕಡೆಯವರೇ ಇದ್ದಾರಲ್ಲ. ಸಿನಿಮಾನೇ ಬಂತು.

ಹಿರಿಯ: ವಿಜಯ ಸಂಕೇಶ್ವರರ ಕತೆ. 1976ರಲ್ಲಿ ಗದಗದಲ್ಲಿ ಒಂದು ಲಾರಿ. ನಿಜ. ಆದ್ರೆ ಅವರು ಬೆಳೆದದ್ದು ಲಾರಿಯಿಂದ ಅಂತ ನಿನಗೆ ಯಾರು ಹೇಳಿದ್ರು?

(ಇಲ್ಲಿ ಬರೆಯುವವನದೊಂದು ಮಾತು. ‘ವಿಜಯಾನಂದ’ ಚಿತ್ರ 2022ರಲ್ಲಿ ತೆರೆಗೆ ಬಂದ ಮೇಲೆ ಈ ಉದಾಹರಣೆಯನ್ನು ಲಾರಿ ಸ್ಟ್ಯಾಂಡುಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದೇನೆ. ಸಂಕೇಶ್ವರರ ಮನೆಯಲ್ಲಿ ಮುದ್ರಣ, ಪುಸ್ತಕದ ವ್ಯಾಪಾರ ಮೊದಲೇ ಇತ್ತು ಎಂಬುದು ಈ ಮಾತುಗಳಲ್ಲಿ ಬರುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೊಂದು ತಪ್ಪಿಹೋಗುತ್ತದೆ. ಅದನ್ನು ಹಿರಿಯನ ಬಾಯಲ್ಲೇ ಕೇಳಬಹುದು.)

ಹಿರಿಯ: ಅವರು ಪಾರ್ಸೆಲ್ಲಿಗೆ ಇಳಿದ್ರು. ಊರೂರಲ್ಲಿ ಬುಕಿಂಗ್ ಆಫೀಸ್ ತೆರೆದ್ರು. ಬಟ್ಟೆ ಅಂಗಡಿಯವನು ಎರಡು ಗಂಟು ತಂದು ಹಾಕ್ತಾನೆ, ಔಷಧಿಯವನು ನಾಲ್ಕು ಡಬ್ಬ, ಬಿಡಿಭಾಗದವನು ಒಂದು ಮೂಟೆ. ಇನ್ನೂರು ಜನರ ಚಿಲ್ಲರೆ ಮಾಲು ಸೇರಿ ಒಂದು ಲಾರಿ. ಬಾಡಿಗೆ ನಿಗದಿ ಮಾಡೋದು ಆಫೀಸು, ಬ್ರೋಕರ್ ಅಲ್ಲ. ಹುಬ್ಬಳ್ಳಿಯಿಂದ ಹೊರಟ ಲಾರಿಗೆ ಬೆಂಗಳೂರಿನಲ್ಲಿ ವಾಪಸ್ ಲೋಡು ಅವರದೇ ಗೋದಾಮಿನಲ್ಲಿ ಕಾಯ್ತಿರುತ್ತೆ. ಲಾರಿ ಯಾರು ಬೇಕಾದ್ರೂ ಕೊಳ್ಳಬಹುದು. ಲೋಡು ಅವರ ಕೈಯಲ್ಲಿತ್ತು. ನಿನ್ನ ಕೈಯಲ್ಲಿ ಏನಿದೆ?

ಹುಡುಗ: ಬ್ರೋಕರುಗಳ ನಂಬರ್ ಇದೆ. ಮೊಬೈಲಿನಲ್ಲಿ ಲೋಡು ತೋರಿಸೋ ಆಪ್ ಇದೆ.

ಹಿರಿಯ: ಅದು ಎಲ್ಲರ ಮೊಬೈಲಿನಲ್ಲೂ ಇದೆ. ನಾನು ಲಾರಿ ಕೊಂಡಾಗ ಮೊಬೈಲೂ ಬೇಕಿರಲಿಲ್ಲ, ಲೋಡು ರಸ್ತೆಯಲ್ಲೇ ಬಿದ್ದಿತ್ತು. ಅದಿರಿನ ಕಾಲ. ಚೀನಾದವರು ಕೇಳಿದ ಬೆಲೆಗೆ ಕೊಳ್ತಿದ್ರು. ಸಂಡೂರು, ಹೊಸಪೇಟೆ ಸುತ್ತ ಮೇಷ್ಟ್ರು ಲಾರಿ ಕೊಂಡ್ರು, ಕಿರಾಣಿ ಅಂಗಡಿಯವರು ಕೊಂಡ್ರು, ಸ್ಟೀರಿಂಗು ಮುಟ್ಟದವರೂ ಕೊಂಡ್ರು. ನಾನಾದ್ರೂ ಡ್ರೈವರು, ನನಗೇನು ಕಡಿಮೆ ಅಂತ ನಾನೂ ಕೊಂಡೆ. ಹೊಸಪೇಟೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರು. ಮರದ ಎಲೆ, ಮನೆ ಗೋಡೆ, ನಮ್ಮ ಹಲ್ಲು, ಎಲ್ಲಾ ಕೆಂಪು. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತ್ರೆ ಹಿಂದೆ ಸಾಲು ಕಣ್ಣಿಗೆ ಕಾಣೋಷ್ಟು ದೂರ. ಅಲ್ಲೇ ಲಾರಿ ಕೆಳಗೆ ಸ್ಟೌ ಹಚ್ಚಿ ಅನ್ನ ಬೇಯಿಸ್ತಿದ್ವಿ.

ಹುಡುಗ: ದುಡ್ಡು ಚೆನ್ನಾಗಿತ್ತು ಅಂತಾರೆ.

ಹಿರಿಯ: ಇತ್ತು. ಎರಡು ಪಟ್ಟು ಲೋಡು ಹಾಕ್ತಿದ್ರು, ಟನ್ನಿನ ಲೆಕ್ಕದಲ್ಲಿ ದುಡ್ಡು ಬರ್ತಿತ್ತು. ಮೊದಲ ಲಾರಿಯ ಕಂತು ಮುಗಿಯೋ ಮುಂಚೆ ಎರಡನೇದಕ್ಕೆ ಸಹಿ ಹಾಕಿದವರು ಬೇಕಾದಷ್ಟು ಜನ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕಿತು. ಬೇಗ ತೆರೆಯುತ್ತೆ ಅಂತ ಎಲ್ಲರೂ ಕಾದ್ರು. ಮರುವರ್ಷ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರ ವರದಿ ಬಂತು, ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗಕ್ಕೂ ತುಮಕೂರಿಗೂ ಅದೇ ಆಜ್ಞೆ. ಕೋರ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಗುಡ್ಡಗಳನ್ನ ನಾನೂ ನೋಡಿದ್ದೀನಿ. ಆದ್ರೆ ಕೋರ್ಟಿನ ಆಜ್ಞೆ ಕಂತಿಗೆ ಅನ್ವಯಿಸಲ್ಲ.

ಹುಡುಗ: ಬೇರೆ ಲೋಡು ಹೊಡೀಬಹುದಿತ್ತಲ್ಲ?

ಹಿರಿಯ: ಅಷ್ಟೂ ಲಾರಿ ಒಂದೇ ವಾರ ಬೇರೆ ಲೋಡು ಹುಡುಕೋಕೆ ಹೊರಟ್ರೆ ಬಾಡಿಗೆ ಏನಾಗಬೇಕು? ಡೀಸೆಲ್ಲಿಗೂ ಸಾಲದು. ಫೈನಾನ್ಸಿನವರು ಒಂದೊಂದಾಗಿ ಎಳಕೊಂಡು ಹೋಗಿ ಯಾರ್ಡಿನಲ್ಲಿ ನಿಲ್ಲಿಸಿದ್ರು. ಎಲ್ಲರದ್ದೂ ಒಟ್ಟಿಗೆ ಮಾರಾಟಕ್ಕೆ ಬಂತು, ಕೊಳ್ಳೋರು ಯಾರೂ ಇಲ್ಲ. ನನ್ನದು ಹೋದ ಬೆಲೆಗೆ ಸಾಲ ತೀರಲಿಲ್ಲ. ಲಾರಿ ಹೋದ ಮೇಲೂ ಅದರ ಕಂತು ಕಟ್ಟಿದೆ. ಆಮೇಲೆ ಗಣಿ ಮತ್ತೆ ತೆರೆದಾಗ ವರ್ಷಕ್ಕೆ ಇಷ್ಟೇ ತೆಗೀಬೇಕು ಅಂತ ಮಿತಿ ಬಂತು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪೈಪ್ ಕನ್ವೇಯರಿನಲ್ಲೇ ಅದಿರು ಹೋಗೋಕೆ ಶುರುವಾಯ್ತು. ಲಾರಿಯ ಪಾಲು ಮೊದಲಿನಷ್ಟು ಉಳೀಲಿಲ್ಲ.

(ಲೆಕ್ಕದಾಕೆ ಸ್ಕೂಟರ್ ನಿಲ್ಲಿಸಿ ಬರುತ್ತಾಳೆ. ಕೆಟ್ಟು ನಿಂತ ಲಾರಿಯ ಮಾಲು ಅವಳ ಆಫೀಸಿನದು. ಇ-ವೇ ಬಿಲ್ಲಿನ ಅವಧಿ ವಿಸ್ತರಿಸಬೇಕಿದೆ. 200 ಕಿಲೋಮೀಟರಿಗೆ ಒಂದು ದಿನ ಎಂಬ ಲೆಕ್ಕದಲ್ಲಿ ಕೊಟ್ಟಿರುವ ಅವಧಿ ರಾತ್ರಿಗೆ ಮುಗಿಯುತ್ತದೆ. ಚಾಲಕನಿಂದ ಕಾಗದ ತೆಗೆದುಕೊಂಡು ಫೋನಿನಲ್ಲಿ ಆ ಕೆಲಸ ಮುಗಿಸಿಯೇ ಮಾತಿಗೆ ಕೂರುತ್ತಾಳೆ.)

ಲೆಕ್ಕದಾಕೆ: ಯಾರು ಲಾರಿ ತಗೋತಿರೋದು? ಇವನಾ? ಕಂತು ಎಷ್ಟು ಬರುತ್ತೆ ಅಂತ ಹೇಳಿದ್ರು?

ಹುಡುಗ: ಐದು ವರ್ಷಕ್ಕೆ, ಬಡ್ಡಿ ಹನ್ನೊಂದು. ತಿಂಗಳಿಗೆ ಅರವತ್ತೈದರ ಹತ್ತಿರ.

ಲೆಕ್ಕದಾಕೆ: ಮೂವತ್ತು ಲಕ್ಷಕ್ಕೆ 65,200 ಚಿಲ್ಲರೆ. ಐದು ವರ್ಷಕ್ಕೆ ಮೂವತ್ತೊಂಬತ್ತು ಲಕ್ಷ ದಾಟುತ್ತೆ. ಅದು ಲಾರಿ ನಿಂತಿದ್ರೂ ಓಡಿದ್ರೂ ಹೋಗೋ ದುಡ್ಡು. ಥರ್ಡ್ ಪಾರ್ಟಿ ವಿಮೆಯೊಂದೇ ವರ್ಷಕ್ಕೆ ನಲವತ್ತು ಸಾವಿರ ದಾಟುತ್ತೆ, ಗಾಡಿಯ ಸ್ವಂತ ವಿಮೆ ಬೇರೆ. ನ್ಯಾಷನಲ್ ಪರ್ಮಿಟ್ಟು 16,500. ತೆರಿಗೆ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟು, ಆಮೇಲೆ ವರ್ಷಾವರ್ಷ. ಹತ್ತು ಟೈರು, ಒಂದು ಸ್ಟೆಪ್ನಿ. ಈಗ ಓಡೋ ಖರ್ಚು. ಹುಬ್ಬಳ್ಳಿ ಬೆಂಗಳೂರು ಹೋಗಿ ಬರೋಕೆ 820 ಕಿಲೋಮೀಟರು. ಲೀಟರಿಗೆ ನಾಲ್ಕು ಕೊಟ್ರೆ 205 ಲೀಟರು. ರಾಜ್ಯ ಸರ್ಕಾರ 2025ರ ಏಪ್ರಿಲ್ಲಿನಲ್ಲಿ ತೆರಿಗೆಯನ್ನ ಶೇಕಡಾ 18.44ರಿಂದ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ಲು 91 ದಾಟಿತು. ಗುಣಿಸು.

ಹುಡುಗ: ಹದಿನೆಂಟೂವರೆ ಸಾವಿರದ ಮೇಲೆ.

ಲೆಕ್ಕದಾಕೆ: ಅದಕ್ಕೆ ಟೋಲು ಸೇರಿಸು. ಬಿಎಸ್ 6 ಗಾಡಿ ಅಲ್ವಾ, ಯೂರಿಯಾ ದ್ರಾವಣ ಸೇರಿಸು. ಅದು ಮುಗಿದ್ರೆ ಎಂಜಿನ್ನು ಶಕ್ತಿ ಇಳಿಸಿಕೊಂಡು ಕೂರುತ್ತೆ. ಲೋಡಿಂಗ್ ಹಮಾಲಿ, ಬ್ರೋಕರ್ ಕಮಿಷನ್ನು, ಟಾರ್ಪಾಲಿನ್, ಹಗ್ಗ. ರಸೀದಿ ಇಲ್ಲದ ಖರ್ಚುಗಳನ್ನ ನಾನು ಬರೆಯಲ್ಲ, ಆದ್ರೆ ಇರುತ್ತೆ.

ಹುಡುಗ: ನಾನೇ ಓಡಿಸ್ತೀನಲ್ಲ, ಡ್ರೈವರ್ ಸಂಬಳ ಉಳಿಯುತ್ತೆ.

ಲೆಕ್ಕದಾಕೆ: ಎಲ್ಲರೂ ಹೇಳೋ ಮಾತು ಅದೇ. ಅದು ಉಳಿತಾಯ ಅಲ್ಲ ಕಣಪ್ಪಾ, ಅದು ನಿನ್ನ ಕೂಲಿ. ಇವರು ಸಂಬಳಕ್ಕೆ ಓಡಿಸಿದ್ರೆ ಎಷ್ಟು ಬರುತ್ತೋ ಅಷ್ಟನ್ನ ನಿನ್ನ ಹೆಸರಿಗೆ ಮೊದಲು ಬರೆದಿಡು. ಮಿಕ್ಕಿದ್ದು ಏನಾದ್ರೂ ಇದ್ರೆ ಅದಕ್ಕೆ ಲಾಭ ಅನ್ನು. ನಮ್ಮ ಆಫೀಸಿಗೆ ಬರೋ ಒಂಟಿ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಲಾಭ ಅಂತ ಮನೆಗೆ ಒಯ್ಯೋದು ತಮ್ಮ ಸಂಬಳವನ್ನೇ. ಕೆಲವರಿಗೆ ಅದೂ ಪೂರ್ತಿ ಇಲ್ಲ.

ಹಿರಿಯ: ಮುಂಗಡ ಎಲ್ಲಿಂದ ತರ್ತೀಯ, ಅದನ್ನೂ ಹೇಳು.

ಹುಡುಗ: ಅಪ್ಪ ಎರಡು ಎಕರೆ ಅಡ ಇಡೋಕೆ ಒಪ್ಪಿದ್ದಾರೆ.

ಲೆಕ್ಕದಾಕೆ: ಬೇಡ. ಲಾರಿ ಸಾಲಕ್ಕೆ ಲಾರಿಯೇ ಅಡ. ಮುಂಗಡಕ್ಕೂ ಸಾಲ ಮಾಡಿದ್ರೆ ಒಂದು ಗಾಡಿ ಮೇಲೆ ಎರಡು ಕಂತು, ಮತ್ತೆ ಹೊಲಾನೂ ಹೊರಗೆ. ಮುಂಗಡ ದುಡಿದು ಕೂಡಿಸಿದ ದುಡ್ಡಾಗಿರಬೇಕು, ಅದರ ಮೇಲೆ ಆರು ತಿಂಗಳ ಕಂತು ಬ್ಯಾಂಕಿನಲ್ಲಿ ಬೇರೆ ಇರಬೇಕು. ಯಾಕೆ ಅಂತ ಕೇಳು. ಬಾಡಿಗೆ ಪೂರ್ತಿ ದುಡ್ಡು ಒಮ್ಮೆಲೇ ಕೈಗೆ ಬರಲ್ಲ. ಲೋಡು ಆದಾಗ ಅಡ್ವಾನ್ಸು, ಮಾಲು ಇಳಿಸಿ, ಪಾರ್ಟಿಯಿಂದ ಸೀಲು, ಸಹಿ ಹಾಕಿಸಿದ ಕಾಪಿ ವಾಪಸ್ ತಂದ ಮೇಲೆ ಬ್ಯಾಲೆನ್ಸು. ಆ ಕಾಪಿಯಲ್ಲಿ ಎರಡು ಮೂಟೆ ನೆಂದಿದೆ ಅಂತ ಒಂದು ಸಾಲು ಬರೆದುಬಿಟ್ರೆ ಬ್ಯಾಲೆನ್ಸಿನಲ್ಲಿ ಎಷ್ಟು ಉಳಿಯುತ್ತೋ ದೇವರೇ ಬಲ್ಲ. ಡೀಸೆಲ್ಲಿಗೆ ಇವತ್ತೇ ದುಡ್ಡು, ಬ್ಯಾಲೆನ್ಸು ಒಂದೂವರೆ ತಿಂಗಳಿಗೆ. ನಡುವಿನ ಆ ಕಾಲ ತುಂಬೋಕೆ ದುಡ್ಡಿಲ್ಲದವನು ಬ್ರೋಕರ್ ಹೇಳಿದ ಬಾಡಿಗೆಗೆ ತಲೆ ಆಡಿಸ್ತಾನೆ.

ಹುಡುಗ: ಹೊಸದು ಬೇಡ, ಹಳೇದು ತಗೊಂಡ್ರೆ? ಪರಿಚಯದವರೊಬ್ಬರು ಹನ್ನೆರಡು ಲಕ್ಷಕ್ಕೆ ಕೊಡ್ತೀನಿ ಅಂದಿದ್ದಾರೆ. ಆರ್‌ಸಿ ಅವರ ಹೆಸರಲ್ಲೇ ಇರಲಿ, ಕಂತು ನೀನು ಕಟ್ಟಿಕೊಂಡು ಹೋಗು, ಮುಗಿದ ಮೇಲೆ ಹೆಸರು ಬದಲಾಯಿಸೋಣ ಅಂತ.

ಹಿರಿಯ: ಅಯ್ಯೋ.

ಲೆಕ್ಕದಾಕೆ: ಹಳೇ ಗಾಡಿ ಸಾಲಕ್ಕೆ ಬಡ್ಡಿ ಜಾಸ್ತಿ. ಹದಿನಾರು ಹಿಡಿ, ಮೂರು ವರ್ಷಕ್ಕೆ, ಹನ್ನೆರಡು ಲಕ್ಷಕ್ಕೆ ತಿಂಗಳಿಗೆ ನಲವತ್ತೆರಡು ಸಾವಿರ ಆಗುತ್ತೆ. ಬೆಲೆ ಅರ್ಧಕ್ಕಿಂತ ಕಡಿಮೆ ಅಂತ ಕಂತೂ ಹಾಗೇ ಇಳಿಯಲ್ಲ, ಅವಧಿ ಚಿಕ್ಕದು. ಎಂಜಿನ್ನು ಯಾರು ನೋಡಿದ್ದಾರೆ? ಅದು ಇರಲಿ. ಹೆಸರು ಬದಲಾಯಿಸದ ವ್ಯವಹಾರ ಮಾಡಲೇಬೇಡ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನೀನು ಮೂರು ವರ್ಷ ಕಂತು ಕಟ್ಟಿ, ಅವರ ಬೇರೆ ಯಾವುದೋ ಸಾಲಕ್ಕೆ ಲಾರಿ ಜಪ್ತಿಯಾದ್ರೆ ನಿನ್ನ ಕೈಯಲ್ಲಿ ಏನು ಕಾಗದ ಇರುತ್ತೆ? ಅವರ ಕಡೆಯಿಂದ ನೋಡಿದ್ರೂ ತಪ್ಪೇ. ನೀನು ಅಪಘಾತ ಮಾಡಿದ್ರೆ ಪರಿಹಾರದ ನೋಟಿಸು ಅವರ ಮನೆಗೆ ಹೋಗುತ್ತೆ. ಫಾರಂ 35ರಲ್ಲಿ ಫೈನಾನ್ಸಿನವರ ಬಿಡುಗಡೆ, 29, 30ರಲ್ಲಿ ವರ್ಗಾವಣೆ. ಇಷ್ಟು ಆಗದೆ ಒಂದು ರೂಪಾಯಿ ಕೊಡಬೇಡ.

ಹುಡುಗ: ಹಾಗಾದ್ರೆ ನೌಕರಿಯಲ್ಲಿ ಏನು ಸುಖ ಇದೆ? ನಿದ್ದೆ ಇಲ್ಲ, ಊಟ ಹೊತ್ತಿಗಿಲ್ಲ. ಮದುವೆಗೆ ಹೆಣ್ಣು ಕೊಡೋರು ಡ್ರೈವರಾ ಅಂತ ಮುಖ ತಿರುಗಿಸ್ತಾರೆ. ಅದೇ ಲಾರಿ ಮಾಲೀಕ ಅಂದ್ರೆ ಕುರ್ಚಿ ಹಾಕ್ತಾರೆ.

ಹಿರಿಯ: ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಷ್ಟೋ ಲಾರಿಗಳು ಕುರ್ಚಿಗೋಸ್ಕರವೇ ರಸ್ತೆಗೆ ಇಳಿದಿವೆ. ಸುಖದ ಮಾತು ಬೇರೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರಲ್ಲೇ ಮಾಡಿದ್ರು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು. ಓದೋಕೆ ಚೆನ್ನಾಗಿತ್ತು. ಆದ್ರೆ ಅದು ಐದು ಜನವೋ ಹೆಚ್ಚೋ ಕೆಲಸಗಾರರಿದ್ದ ಸಂಸ್ಥೆಗೆ ಅಂತ ಬರೆದಿದ್ರು. ಒಂದು ಲಾರಿ, ಎರಡು ಲಾರಿ ಮಾಲೀಕನ ಹತ್ತಿರ ಇದ್ದವನು ಆ ಎಂಟು ಗಂಟೆಯ ಲೆಕ್ಕಕ್ಕೇ ಬರಲಿಲ್ಲ. ತನ್ನ ಲಾರಿ ತಾನೇ ಓಡಿಸೋನಂತೂ ದೂರ. ಅವನನ್ನ ನಿದ್ದೆಗೆಡಿಸೋದು ಅವನ ಕಂತೇ. ರಾತ್ರಿ ಮೂರು ಗಂಟೆಗೆ ಶಿರಾ ಹತ್ತಿರ ಕಣ್ಣು ಕೂರ್ತಿದ್ರೆ ನೌಕರ ಪಕ್ಕಕ್ಕೆ ಹಾಕಿ ಮಲಗ್ತಾನೆ, ಬೆಳಿಗ್ಗೆ ಮಾಲೀಕನ ಹತ್ತಿರ ಎರಡು ಮಾತು ಬೈಸಿಕೊಳ್ತಾನೆ. ಮಾಲೀಕನೇ ಡ್ರೈವರಾದ್ರೆ ಮುಖಕ್ಕೆ ನೀರು ಹಾಕಿಕೊಂಡು ಮುಂದಕ್ಕೆ ಹೋಗ್ತಾನೆ. ನಾನು ಎರಡೂ ಆಗಿದ್ದೀನಿ, ಅದಕ್ಕೇ ಹೇಳೋದು.

ಲೆಕ್ಕದಾಕೆ: ಎಲ್ಲಾ ನೌಕರಿನೂ ಒಂದೇ ಅಲ್ಲ. ಪಾರ್ಸೆಲ್ಲಿನವರದು ರೂಟು ಗೊತ್ತು, ಹೊರಡೋ ಹೊತ್ತು ಗೊತ್ತು. ಪಿಎಫ್ ಹಿಡೀತಾರೆ. ಲಾರಿಗೆ ಜಿಪಿಎಸ್ ಇರುತ್ತೆ. ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ ಅಂತ ಫೋನ್ ಬರುತ್ತೆ. ಡೀಸೆಲ್ಲಿಗೆ ಇಷ್ಟೇ ಆವರೇಜು ಬರಬೇಕು ಅಂತ ನಿಗದಿ ಮಾಡ್ತಾರೆ, ಉಳಿಸಿದ್ರೆ ನಿನಗೆ, ಕಡಿಮೆ ಬಂದ್ರೆ ಕಟ್ಟು. ಕೆಲವರಿಗೆ ಇದು ಉಸಿರು ಕಟ್ಟುತ್ತೆ. ಟ್ಯಾಂಕರಿಗೆ ಹೋಗೋದಾದ್ರೆ ಅಪಾಯಕಾರಿ ವಸ್ತು ಸಾಗಣೆಯ ತರಬೇತಿ ಪ್ರಮಾಣಪತ್ರ ಬೇಕು, ದುಡ್ಡೂ ಸ್ವಲ್ಪ ಹೆಚ್ಚು. ಒಂಟಿ ಮಾಲೀಕನ ಹತ್ತಿರ ಸೇರಿದ್ರೆ ನಿಯಮ ಇಲ್ಲ, ಮರ್ಜಿ. ಒಳ್ಳೆಯವನು ಸಿಕ್ಕಿದ್ರೆ ಅಣ್ಣನ ಹಾಗೆ ನೋಡ್ಕೋತಾನೆ. ಇಲ್ಲಾಂದ್ರೆ ಟ್ರಿಪ್ಪಿಗೆ ಇಷ್ಟು ಅಂತ ಕೈಗೆ ಕೊಟ್ಟು, ದಂಡ ಬಂದ್ರೆ ನಿನ್ನ ತಲೆಗೆ ಕಟ್ತಾನೆ.

ಹಿರಿಯ: ಓವರ್‌ಲೋಡಿನ ವಿಷಯದಲ್ಲಿ ಇದನ್ನ ನೋಡಬೇಕು. ಮೂರು ಆಕ್ಸಲ್ಲಿನ ಲಾರಿಗೆ 25 ಟನ್ ಇದ್ದದ್ದನ್ನ 2018ರಲ್ಲಿ 28.5 ಮಾಡಿದ್ರು. ನಮಗೆ ಲಾಭ ಅಂತ ಸಿಹಿ ಹಂಚಿದವರಿದ್ದಾರೆ. ಆಗಿದ್ದೇನು? ದೇಶದ ಲಾರಿಗಳಲ್ಲೆಲ್ಲಾ ಜಾಗ ಜಾಸ್ತಿ ಆಯ್ತು, ಮಾಲು ಮೊದಲಿನಷ್ಟೇ ಇತ್ತು, ಬಾಡಿಗೆ ಕೆಳಗೆ ಬಂತು. ಬಾಡಿ ಸೇರಿ ಖಾಲಿ ಗಾಡಿಯೇ ಹತ್ತು ಟನ್ನಿನ ಹತ್ತಿರ ತೂಗುತ್ತೆ, ಮಾಲಿಗೆ ಉಳಿಯೋದು ಹದಿನೆಂಟರ ಮೇಲೆ ಸ್ವಲ್ಪ. ಅಷ್ಟಕ್ಕೆ ಸಿಗೋ ಬಾಡಿಗೆ ಸಾಲದು ಅಂತ ಇಪ್ಪತ್ತೆರಡು ಹಾಕ್ತಾರೆ. ಸಿಕ್ಕಿಬಿದ್ರೆ 20,000 ದಂಡ, ಹೆಚ್ಚಾದ ಒಂದೊಂದು ಟನ್ನಿಗೆ 2,000 ಮೇಲೆ. ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ನೌಕರನಾಗಿದ್ರೆ ವೇಬ್ರಿಜ್ ಚೀಟಿ ನೋಡಿ, ಇದು ನಾನು ಒಯ್ಯಲ್ಲ ಅನ್ನೋ ಧೈರ್ಯ ಬೇಕು. ಬಿಲ್ಲಿನಲ್ಲಿ ಹದಿನೆಂಟು ಬರೆದು ಚೀಟಿಯಲ್ಲಿ ಇಪ್ಪತ್ತೊಂದು ಬಂದ ಗಾಡಿಯನ್ನ ನಾನು ಗೇಟಿನಲ್ಲೇ ಬಿಟ್ಟು ಕೀಲಿ ಕೊಟ್ಟು ಬಂದದ್ದುಂಟು. ಮಾಲೀಕನೂ ನಾನೇ ಆಗಿದ್ದಾಗ ಒಮ್ಮೆಯೂ ಹಾಗೆ ಮಾಡಲಿಲ್ಲ.

ಹುಡುಗ: ಅಪಘಾತದಲ್ಲಿ ಯಾರಾದ್ರೂ ಸತ್ತು, ತಿಳಿಸದೆ ಓಡಿಹೋದ್ರೆ ಹತ್ತು ವರ್ಷದವರೆಗೆ ಜೈಲು ಅಂತ ಕಾನೂನು ಬಂತಲ್ಲ.

ಲೆಕ್ಕದಾಕೆ: ನ್ಯಾಯ ಸಂಹಿತೆಯ 106ನೇ ಕಲಂನ ಎರಡನೇ ಉಪಕಲಂ. 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದ ಮೇಲೆ ತಡೆದ್ರು, ಸಂಹಿತೆ ಜುಲೈಯಲ್ಲಿ ಜಾರಿಯಾದಾಗಲೂ ಅದೊಂದನ್ನ ಬಿಟ್ಟು ಜಾರಿ ಮಾಡಿದ್ರು. ಅದಕ್ಕಿಂತ ನಿನಗೆ ಉಪಯೋಗದ ಮಾತು ಹೇಳ್ತೀನಿ. ಖಾಸಗಿ ವಾಣಿಜ್ಯ ಸಾರಿಗೆ ಕಾರ್ಮಿಕರಿಗೆ ರಾಜ್ಯದ ಅಪಘಾತ ಪರಿಹಾರ ಯೋಜನೆ ಇದೆ. ಡ್ರೈವರು, ಕ್ಲೀನರು ಅಪಘಾತದಲ್ಲಿ ತೀರಿಕೊಂಡ್ರೆ ಮನೆಯವರಿಗೆ 5 ಲಕ್ಷ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ಹೆಸರು ಹಚ್ಚು. ಸಾರಿಗೆ ವಾಹನದ ಲೈಸೆನ್ಸಿಗೆ ಐದೇ ವರ್ಷದ ಅವಧಿ, ಮರೆತು ಓಡಿಸೋರು ತುಂಬಾ ಜನ. ಮರೆತ ಲೈಸೆನ್ಸಿನಲ್ಲಿ ಅಪಘಾತ ಆದ್ರೆ ವಿಮೆಯವರು ಮಾಲೀಕನ ಮೇಲೆ ಹಾಕ್ತಾರೆ.

ಹುಡುಗ: ಎಲ್ಲಾ ಕೇಳಿದ್ರೆ ಲಾರಿ ಕೊಳ್ಳಲೇಬಾರದು ಅನ್ನಿಸುತ್ತೆ.

ಲೆಕ್ಕದಾಕೆ: ಹಾಗಲ್ಲ. ಕೊಂಡು ಉದ್ಧಾರ ಆದವರನ್ನೂ ನೋಡಿದ್ದೀನಿ. ಅವರೆಲ್ಲರಲ್ಲೂ ಒಂದು ಸಮಾನ ಅಂಶ ಇತ್ತು. ಲಾರಿಗಿಂತ ಮೊದಲು ಅವರ ಹತ್ತಿರ ಲೋಡಿತ್ತು. ಒಬ್ಬ ಅಡಿಕೆ ಮಂಡಿಯಲ್ಲಿ ತೂಕದ ಗುಮಾಸ್ತ ಆಗಿದ್ದ, ವ್ಯಾಪಾರಿಗಳೆಲ್ಲ ಗೊತ್ತು. ಇನ್ನೊಬ್ಬ ಸಿಮೆಂಟ್ ಏಜೆನ್ಸಿಯಲ್ಲಿ ಡ್ರೈವರಾಗಿದ್ದು, ಏಜೆನ್ಸಿಯವರೇ ನಿನ್ನ ಹೆಸರಲ್ಲಿ ತಗೋ, ಲೋಡು ನಾವು ಕೊಡ್ತೀವಿ ಅಂದ ಮೇಲೆ ತಗೊಂಡ. ಬರವಣಿಗೆಯಲ್ಲಿ ಕರಾರು ಮಾಡಿಸಿಕೊಂಡ. ನಿನ್ನ ಕೈಯಲ್ಲೂ ಏನೂ ಇಲ್ಲ ಅಂತ ಅಲ್ಲ. ಇದ್ದಾರಲ್ಲ, ಈರುಳ್ಳಿ ರೈತರು?

ಹುಡುಗ: ಅವರದು ಸುಗ್ಗಿಯಲ್ಲಿ ಮಾತ್ರ. ಎಲ್ಲರದ್ದೂ ಒಟ್ಟಿಗೆ ಬರುತ್ತೆ, ಆಗ ನನ್ನ ಪಿಕಪ್ಪಿಗೆ ಹಿಡಿಯಲ್ಲ. ಮಿಕ್ಕ ತಿಂಗಳು ಏನೂ ಇಲ್ಲ.

ಲೆಕ್ಕದಾಕೆ: ಹಾಗಾದ್ರೆ ಅರ್ಧ ಲೋಡು ಇದೆ. ಸುಗ್ಗಿಯಲ್ಲಿ ದೊಡ್ಡ ಲಾರಿ ಬಾಡಿಗೆಗೆ ಹಿಡಿದು ಅವರ ಮಾಲು ಸೇರಿಸಿ ಕಳಿಸು, ಕಮಿಷನ್ ನಿನ್ನದು. ಲಾರಿ ಇಲ್ಲದೇನೂ ಲಾರಿ ವ್ಯಾಪಾರ ಮಾಡಬಹುದು. ಯಶವಂತಪುರದಿಂದ ಚಳ್ಳಕೆರೆ ಕಡೆಗೆ ವರ್ಷಪೂರ್ತಿ ಬರೋ ಮಾಲು ಏನು, ಯಾರು ತರಿಸ್ತಾರೆ, ಈಗ ಯಾರ ಲಾರಿಯಲ್ಲಿ ಬರ್ತಿದೆ, ಇದನ್ನ ಪತ್ತೆ ಮಾಡು. ಪಶು ಆಹಾರ, ಗೊಬ್ಬರ, ಎಣ್ಣೆ ಮಿಲ್ಲಿನ ಸಾಮಾನು. ಆ ವಾಪಸ್ ಲೋಡು ಗೊತ್ತಾದ ದಿನ ನನ್ನ ಹತ್ತಿರ ಬಾ, ಕಂತಿನ ಲೆಕ್ಕ ಮತ್ತೆ ಹಾಕೋಣ. ಎಷ್ಟು ಚಕ್ರದ್ದು ತಗೋಬೇಕು ಅಂತ ಶೋರೂಮಿನವರು ಹೇಳಬಾರದು, ಆ ಲೋಡು ಹೇಳಬೇಕು.

ಹಿರಿಯ: ಅಲ್ಲಿವರೆಗೆ ನೌಕರಿ. ಒಂದು ಮಳೆಗಾಲವಾದ್ರೂ ಘಾಟಿಯ ರೂಟಿನಲ್ಲಿ ಹಾಕಿಸಿಕೋ. ಪಿಕಪ್ ಮಾರಬೇಡ, ತಮ್ಮನಿಗೆ ಕೊಡು.

ಹುಡುಗ: ಎಲ್ಲಿ ಸೇರಲಿ? ಮೂರು ಕಡೆ ಕರೆದಿದ್ದಾರೆ. ಯಾರು ಹೆಚ್ಚು ಕೊಡ್ತಾರೆ ಅಂತ ನೋಡ್ತಿದ್ದೀನಿ.

ಹಿರಿಯ: ಸಂಬಳ ಎಷ್ಟು ಅಂತ ಕೊನೆಗೆ ಕೇಳು. ಲಾರಿ ಕೆಟ್ಟು ನಿಂತ ದಿನಕ್ಕೆ ಬಾಟಾ ಕೊಡ್ತೀರಾ, ಓವರ್‌ಲೋಡಿನ ದಂಡ ಯಾರು ಕಟ್ತಾರೆ, ಪಿಎಫ್ ಹಿಡೀತೀರಾ ಅಂತ ಮೊದಲು ಕೇಳು. ಆಮೇಲೆ ಲಾರಿ ಸುತ್ತ ಒಂದು ಸುತ್ತು ಹಾಕಿ ಟೈರು ನೋಡು, ಎಫ್‌ಸಿ, ವಿಮೆಯ ತಾರೀಕು ನೋಡು. ಇದಕ್ಕೆ ಮುಖ ಸಿಂಡರಿಸೋ ಮಾಲೀಕನ ಲಾರಿಯ ಕೀಲಿ ಮುಟ್ಟಬೇಡ. ಅವನು ಎಷ್ಟು ಸಂಬಳ ಹೇಳಿದ್ರೂ ಅದು ಪೂರ್ತಿ ಕೈಗೆ ಬರಲ್ಲ.